ನಾಲ್ಕಡಿ ಓಣಿಯ ತಕರಾರು

ಶಿಕಾರಿಪುರದ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾನು ಮನೆಗಳ ನಕ್ಷೆ ಬರೆಯುತ್ತೇನೆ. ಸಿವಿಲ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಸೊರಬದಿಂದ ಈ ಊರಿಗೆ ಬಂದ ಮೇಲೆ ಹಿಡಿದ ಕೆಲಸ ಇದು. ಸುತ್ತಲಿನ ಹಳ್ಳಿಗಳಲ್ಲಿ ಮನೆ ಕಟ್ಟುವವರು ಪಂಚಾಯಿತಿಗೆ ಅರ್ಜಿ ಹಾಕುವಾಗ ಜೊತೆಗೆ ನಕ್ಷೆ ಇಡಬೇಕು, ಅದರ ಮೇಲೆ ನನ್ನಂಥವರ ಸಹಿ ಇರಬೇಕು. ಸಹಿಯ ಮೇಲೆ ಒಂದು ಸಾಲು ಅಚ್ಚಾಗಿರುತ್ತದೆ: ಜಾಗವನ್ನು ಖುದ್ದಾಗಿ ನೋಡಿ ಅಳತೆ ಮಾಡಿದ್ದೇನೆ ಎಂದು. ಆ ಸಾಲಿನ ಕೆಳಗೆ ಒಂದು ಸಲ ನಾನು ಸುಳ್ಳು ಸಹಿ ಹಾಕಿದೆ. ಅದರಿಂದ ಎರಡು ಮನೆಯವರು ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬಳಿ ನಕ್ಷೆ ಬರೆಸಲು ಬಂದಾಕೆ ಕುರಿ ಸಾಕುವ ಮನೆಯವಳು. ನಲವತ್ತರ ಹತ್ತಿರದ ವಯಸ್ಸು. ಗಂಡ ವರ್ಷದಲ್ಲಿ ಅರ್ಧದಷ್ಟು ದಿನ ಮಂದೆಯ ಜೊತೆ ಹೊಲದಿಂದ ಹೊಲಕ್ಕೆ ತಿರುಗುತ್ತಿದ್ದ. ಮದುವೆಯಾದ ಮೇಲೆ ಬಹಳ ಕಾಲ ಅವಳೂ ಹಾಗೆಯೇ ತಿರುಗಿದವಳು. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಮಾವನ ಕಾಲದ ಖಾಲಿ ಜಾಗವಿತ್ತು. ಅಲ್ಲಿ ಮನೆ ಕಟ್ಟಬೇಕು ಎಂದು ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದಿದ್ದಳು.

"ದೊಡ್ಡದೇನು ಬ್ಯಾಡ ಮೇಡಮ್ಮಾರೆ. ಅಡುಗಿಮನಿ ಮಾತ್ರ ಚಂದಾಗಿರ್ಲಿ. ಮೂರು ಕಲ್ಲು ಇಟ್ಟು ಬಯಲಾಗೆ ಬೇಯಿಸಿ ಬೇಯಿಸಿ ಸಾಕಾಗೈತಿ. ಮ್ಯಾಲೆ ಹೋಗಾಕೆ ಮೆಟ್ಟಿಲು ಹೊರಗಿಂದ ಇಡ್ರಿ. ಕಾಳುಕಡಿ ಒಣಗಿಸಾಕೆ ಒಳಗೆಲ್ಲ ಧೂಳು ಮಾಡ್ಕೊಂಡು ಓಡಾಡೋದು ಯಾಕೆ?"

ಅದೇ ದಿನಗಳಲ್ಲಿ ಸೊರಬದಲ್ಲಿದ್ದ ನನ್ನ ಅಮ್ಮನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಹೊತ್ತು ಹೊತ್ತಿಗೆ ಕಣ್ಣಿಗೆ ಔಷಧಿ ಬಿಡಬೇಕು, ಅಡುಗೆ ಮಾಡಿಡಬೇಕು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ವಾಪಸಾಗುತ್ತಿದ್ದೆ. ಆ ಹಳ್ಳಿ ದಾರಿಯ ಮೇಲೆಯೇ ಸಿಗುತ್ತಿತ್ತು, ಅವಳ ಜಾಗ ರಸ್ತೆಗೆ ಕಾಣುತ್ತಿತ್ತು. ಬಸ್ಸಿನ ಕಿಟಕಿಯಿಂದ ನಾಲ್ಕೈದು ಸಲ ನೋಡಿದೆ. ಚೌಕಾಕಾರದ ಸಮತಟ್ಟು ಜಾಗ, ಪಕ್ಕದಲ್ಲಿ ಹಸಿರು ಬಣ್ಣದ ಹಳೆಯ ಮನೆ. ಪಂಚಾಯಿತಿ ಕೊಟ್ಟ ಕಂಪ್ಯೂಟರ್ ಪ್ರತಿಯಲ್ಲಿ ಪೂರ್ವ ಪಶ್ಚಿಮ ಮೂವತ್ತು ಅಡಿ ಎಂದಿತ್ತು, ಪೂರ್ವಕ್ಕೆ ಪಕ್ಕದವರ ಮನೆ ಎಂದಿತ್ತು. ಇಷ್ಟು ಸಾಕು ಅನ್ನಿಸಿತು. ಇಳಿದು ಟೇಪು ಹಿಡಿದಿದ್ದರೆ ಅರ್ಧ ಗಂಟೆಯ ಕೆಲಸ. ಇಳಿಯಲಿಲ್ಲ. ಹೇಗೂ ಪಂಚಾಯಿತಿಯವರು ಬಂದು ನೋಡಿಯೇ ಅನುಮತಿ ಕೊಡುತ್ತಾರಲ್ಲ ಎಂದುಕೊಂಡೆ. ಪೂರ್ವದ ಕಡೆ ಮೂರು ಅಡಿ ಬಿಟ್ಟು ಗೋಡೆ ಎಳೆದು, ಬಿಟ್ಟ ಜಾಗದಲ್ಲಿ ಮೆಟ್ಟಿಲು ಕೂರಿಸಿ, ಸಹಿ ಹಾಕಿ ಕೊಟ್ಟೆ. ಅನುಮತಿಯೂ ಬಂತು. ಆಮೇಲೆ ಅಮ್ಮನ ಕಣ್ಣು ಸರಿಹೋಯಿತು, ನಾನೂ ಆ ಮನೆಯ ವಿಷಯ ಮರೆತೆ.

ಮೂರು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ, ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ದಪ್ಪನೆಯ ಫೈಲು. ಕೂರಿ ಎನ್ನುವ ಮೊದಲೇ ಫೈಲು ಮೇಜಿನ ಮೇಲಿಟ್ಟು, ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು ಎಂದು ಪರಿಚಯ ಮಾಡಿಕೊಂಡರು.

"ನಮ್ಮ ಪಕ್ಕದಾಗೆ ಒಬ್ರು ಮನೆ ಕಟ್ಟಕತ್ಯಾರೆ ಮೇಡಂ. ನಮ್ಮ ಓಣಿಗೇ ಪಾಯ ಹಾಕ್ಯಾರೆ. ಪಂಚಾಯಿತಿಗೆ ಆರು ಅರ್ಜಿ ಕೊಟ್ಟೆ. ಆರಕ್ಕೂ ಸ್ವೀಕೃತಿ ಸೀಲು ಐತಿ ನೋಡ್ರಿ. ಒಂದಕ್ಕೂ ಉತ್ತರ ಇಲ್ಲ. ನಕ್ಷೆ ತೋರ್ಸ್ರಿ ಅಂದ್ರೆ, ಅದು ಪಕ್ಕದವರದ್ದು, ನಿಮಗ್ಯಾಕೆ ಅಂತಾರೆ. ನಮ್ಮ ದಾರಿ ಮುಚ್ಚೋ ನಕ್ಷೆ ನಮಗ್ಯಾಕೆ ಅಂದ್ರೆ ಹೆಂಗ್ರಿ?"

ಅವರ ಬಗ್ಗೆ ನಾನು ಮೊದಲೇ ಕೇಳಿದ್ದೆ. ಆ ಪಂಚಾಯಿತಿಯಲ್ಲಿ ಕೆಲಸವಿದ್ದವರೆಲ್ಲ ಅವರ ಕತೆ ಹೇಳುತ್ತಿದ್ದರು. ಬೀದಿ ದೀಪ ಉರಿಯದಿದ್ದರೆ ಅರ್ಜಿ, ಚರಂಡಿ ಕಟ್ಟಿಕೊಂಡರೆ ಅರ್ಜಿ, ನಲ್ಲಿ ನೀರು ಬೇಗ ನಿಂತರೆ ಅರ್ಜಿ. ಕಚೇರಿಯ ಗೋಡೆ ಗಡಿಯಾರ ಹತ್ತು ನಿಮಿಷ ಹಿಂದಿದೆ ಎಂದೂ ಒಮ್ಮೆ ಬರೆದು ಕೊಟ್ಟಿದ್ದರಂತೆ. ಅವರು ಗೇಟಿನ ಹತ್ತಿರ ಕಂಡರೆ ಅಲ್ಲಿನವರು ಚಹಾಕ್ಕೆ ಎದ್ದು ಹೋಗುತ್ತಿದ್ದರು ಎಂಬ ಮಾತು ಕೇಳಿ ನಾನೂ ನಕ್ಕವಳೇ.

ಅವರು ಊರಿನ ಹೆಸರು ಹೇಳಿದರು. ರಸ್ತೆ ಬದಿ, ಹಸಿರು ಬಣ್ಣದ ಮನೆ ಎಂದರು. ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದ ಅದೇ ಮನೆ.

"ನಂದೇನು ಜಗಳ ಇಲ್ರಿ. ಅವರೂ ಕಷ್ಟದಾಗೆ ಬೆಳೆದವರು, ಮನೆ ಕಟ್ಲಿ. ಆದ್ರೆ ನಮ್ಮನೇಕಿಗೆ ಮೊಣಕಾಲು ಹೋಗ್ಯಾವೆ. ವಾಕರ್ ಹಿಡ್ಕೊಂಡು ನಡೀಬೇಕು. ಮುಂದುಗಡೆ ಐದು ಮೆಟ್ಟಿಲು ಅದಾವೆ, ಇಳಿಯಾಕೆ ಆಗಲ್ಲ. ಹಿತ್ತಲ ಬಾಗಿಲಿಂದ ಆ ಓಣಿಗೆ ಇಳಿದು ರಸ್ತೆಗೆ ಬರ್ತಾಳೆ. ಅದು ಮುಚ್ಚಿದ್ರೆ ಆಕಿ ಮನೆ ಒಳಗೇ ಉಳಿದಂಗಾತು. ಯಾರಾದ್ರು ಎಂಜಿನಿಯರ್ ಕೈಲಿ ಅಳತೆ ಮಾಡಿಸಿ ಸ್ಕೆಚ್ ತರ್ರಿ, ಆಮೇಲೆ ನೋಡೋಣ ಅಂದ್ರು ಪಂಚಾಯಿತಿಯಾಗೆ. ಅದಕ್ಕೆ ಬಂದೆ."

ಆಗಲೇ ಹೇಳಬೇಕಿತ್ತು. ಆ ನಕ್ಷೆ ಬರೆದವಳು ನಾನೇ ಎನ್ನುವ ಬದಲು ಅವರ ಫೈಲಿನ ಹಾಳೆ ತಿರುಗಿಸಿದೆ. ಮೊದಲು ಅಳೆದು ನೋಡೋಣ, ತಪ್ಪಾಗಿರಲಿಕ್ಕಿಲ್ಲ, ಇವರು ಎಲ್ಲದಕ್ಕೂ ತಕರಾರು ತೆಗೆಯುವವರಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಶನಿವಾರ ಬರುತ್ತೇನೆ ಎಂದು ಕಳಿಸಿದೆ.

ಶನಿವಾರ ಬಸ್ಸಿಳಿದು ಹೋದಾಗ ಅವರು ಮನೆಯ ಮುಂದೆ ಕಾಯುತ್ತಿದ್ದರು. ತಮ್ಮದೇ ಟೇಪು ತಂದಿದ್ದರು. ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಹಸಿರು ಮನೆಯ ಗೋಡೆಯ ಪಕ್ಕಕ್ಕೆ ನಾಲ್ಕು ಅಡಿ ಅಗಲದ ಓಣಿ ಇತ್ತು. ಬಸ್ಸಿನಿಂದ ನೋಡಿದಾಗ ಅದೂ ಖಾಲಿ ಜಾಗದ ಭಾಗವೆಂದೇ ಕಂಡಿತ್ತು. ಈಗ ಹತ್ತಿರ ನಿಂತರೆ ಯಾರಿಗಾದರೂ ಗೊತ್ತಾಗುವಂತೆ ನಡೆದು ನಡೆದು ಮಣ್ಣು ಗಟ್ಟಿಯಾಗಿತ್ತು. ಖಾಲಿ ಜಾಗ ಓಣಿಯ ಅಂಚಿನವರೆಗೆ ಸರಿಯಾಗಿ ಇಪ್ಪತ್ತಾರು ಅಡಿ. ನಾನು ಎಳೆದ ಗೋಡೆಯ ಪಾಯ ಓಣಿಯೊಳಗೆ ಒಂದು ಅಡಿ ಬಂದಿತ್ತು. ಉಳಿದ ಮೂರು ಅಡಿಯಲ್ಲಿ ಮೆಟ್ಟಿಲಿನ ಬುಡಕ್ಕೆ ಕಲ್ಲು ಕೂರಿಸಿದ್ದರು. ಹಿತ್ತಲ ಬಾಗಿಲಲ್ಲಿ ಅವರ ಹೆಂಡತಿ ವಾಕರ್ ಹಿಡಿದು ನಿಂತಿದ್ದರು. ಆ ಕಲ್ಲು ದಾಟಿ ಮುಂದೆ ಬರುವುದು ಅವರಿಂದ ಸಾಧ್ಯವಿರಲಿಲ್ಲ.

ಈಗ ಹೇಳಿಬಿಡಬೇಕು ಎಂದುಕೊಳ್ಳುತ್ತ ಟೇಪು ಸುತ್ತುತ್ತಿದ್ದೆ. ಅಷ್ಟರಲ್ಲಿ ಪಾಯದ ಆಚೆ ಕಡೆಯಿಂದ ಕುರಿ ಮನೆಯವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಮುಖ ತುಂಬ ನಗು.

"ಅಯ್ಯ, ನಮ್ಮ ಮನಿ ನಕ್ಷೆ ಬರ್ದ ಮೇಡಮ್ಮಾರು! ಒಂದು ಫೋನ್ ಮಾಡೋದಲ್ಲೇನ್ರಿ? ಬರ್ರಿ ಬರ್ರಿ, ಹೆಂಗ್ ಆಗೈತಿ ನೋಡ್ರಿ."

ಕಂಡಕ್ಟರ್ ನನ್ನ ಕಡೆ ತಿರುಗಿದರು. ಮೆಲ್ಲಗೆ ಕೇಳಿದರು, "ನೀವಾ ಬರ್ದಿದ್ದು?"

"ಹೌದು."

"ಬರೆಯೋ ಮುಂಚೆ ಬಂದು ನೋಡಿದ್ರಾ?"

"ಇಲ್ಲ. ನೋಡದೇ ಸಹಿ ಹಾಕಿದೆ. ಮೊನ್ನೆ ನೀವು ಬಂದಾಗಲೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ."

ಅವರು ಬೈಯುತ್ತಾರೆಂದು ಕಾದೆ. ಅವರು ಗೋಡೆಗೆ ಒರಗಿ ನಿಂತು ಕನ್ನಡಕ ತೆಗೆದು ಒರೆಸಿಕೊಂಡರು. "ಆರು ಅರ್ಜಿ ಕೊಟ್ಟೀನಿ. ಹೌದು, ತಪ್ಪಾಗೈತಿ ಅಂತ ಒಬ್ರಾದ್ರೂ ಹೇಳಿದ್ರಲ್ಲ," ಎಂದರು. ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಸೋಮವಾರ ಅವರ ಜೊತೆಗೇ ಪಂಚಾಯಿತಿಗೆ ಹೋದೆ. ನಮ್ಮನ್ನು ನೋಡಿ ಗುಮಾಸ್ತ ನಿಟ್ಟುಸಿರು ಬಿಟ್ಟ. ಅಭಿವೃದ್ಧಿ ಅಧಿಕಾರಿ ಚಿಕ್ಕ ವಯಸ್ಸಿನವರು. ಒಂದು ಕಿವಿಯಲ್ಲಿ ಫೋನು, ಎದುರಿಗೆ ಕುಡಿಯುವ ನೀರಿನ ಪೈಪು ಒಡೆದಿದೆ ಎಂದು ಬಂದ ನಾಲ್ಕು ಜನ. ಅವರು ಎರಡು ಪಂಚಾಯಿತಿಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ನಮ್ಮ ಸರದಿ ಬಂದಾಗ ನಾನೇ ಮಾತು ಶುರು ಮಾಡಿದೆ. ನನ್ನ ನಕ್ಷೆ ತಪ್ಪು, ಅಳತೆ ಮಾಡದೆ ಬರೆದದ್ದು ಎಂದೆ. ಅವರ ಮುಖ ಸಣ್ಣದಾಯಿತು.

"ಏನ್ ಮೇಡಂ ಹಿಂಗಂದ್ರೆ? ನೀವು ನೋಡಿದೀನಿ ಅಂತ ಸಹಿ ಹಾಕಿದ್ರಲ್ಲ, ಅದನ್ನ ನಂಬಿ ನಾನು ಅನುಮತಿ ಕೊಟ್ಟೆ."

"ನೀವು ಬಂದು ನೋಡ್ತೀರಿ ಅಂತ ನಂಬಿ ನಾನು ಸಹಿ ಹಾಕಿದೆ."

ಕಂಡಕ್ಟರ್ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು. "ಬಂದು ನೋಡಿದ್ದು ಯಾರು ಹಂಗಾದ್ರೆ?" ಎಂದರು. ಅವರ ಅರ್ಜಿಗಳನ್ನು ತರಲು ಅಧಿಕಾರಿ ಗುಮಾಸ್ತನಿಗೆ ಹೇಳಿದರು.

ಗುಮಾಸ್ತ ಒಂದು ಕಡತ ತಂದ. ಆರೂ ಅರ್ಜಿಗಳನ್ನು ಬೀದಿ ದೀಪದ, ಚರಂಡಿಯ ಹಳೆಯ ಅರ್ಜಿಗಳ ಜೊತೆ ಒಂದೇ ದಾರದಲ್ಲಿ ಪೋಣಿಸಿ ಇಟ್ಟಿದ್ದರು. ಹೆಸರು ನೋಡಿ ಎತ್ತಿಟ್ಟಿದ್ದರೇ ಹೊರತು ಯಾರೂ ಓದಿರಲಿಲ್ಲ. ಅಧಿಕಾರಿ ಅಲ್ಲೇ ಕೂತು ಒಂದೊಂದಾಗಿ ಓದಿದರು. ನಂತರ ಕಬ್ಬಿಣದ ಬೀರುವಿನಿಂದ ಕೈಬರಹದ ಹಳೆಯ ದಾಖಲೆ ಪುಸ್ತಕ ತೆಗೆಸಿದರು. ಅದರಲ್ಲಿ ಆ ಜಾಗದ ಚಕ್ಕುಬಂದಿ, ಎಂದರೆ ನಾಲ್ಕೂ ದಿಕ್ಕಿಗೆ ಏನಿದೆ ಎಂಬ ವಿವರ, ಸ್ಪಷ್ಟವಾಗಿತ್ತು: ಪೂರ್ವಕ್ಕೆ ಓಡಾಡುವ ದಾರಿ, ಅದರಾಚೆ ಮನೆ. ಅಳತೆ ಇಪ್ಪತ್ತಾರು ಅಡಿ. ಕಂಪ್ಯೂಟರಿಗೆ ಏರಿಸುವಾಗ ದಾರಿ ಬಿಟ್ಟುಹೋಗಿ ಅದರ ನಾಲ್ಕು ಅಡಿಯೂ ಜಾಗಕ್ಕೇ ಸೇರಿಕೊಂಡಿತ್ತು.

ಅಧಿಕಾರಿ ಪುಸ್ತಕ ಮುಚ್ಚಿ ಕಂಡಕ್ಟರ್ ಕಡೆ ನೋಡಿ, "ನಿಮ್ಮ ಅರ್ಜಿ ಓದಬೇಕಿತ್ತು ಯಜಮಾನ್ರೇ," ಎಂದರು. ಅಷ್ಟೇ ಹೇಳಿದ್ದು. ಅವತ್ತೇ ಕೆಲಸ ನಿಲ್ಲಿಸಲು ನೋಟಿಸು ಸಿದ್ಧವಾಯಿತು. ತಪ್ಪು ನನ್ನದು, ಕಚೇರಿಯದು. ನೋಟಿಸು ಹೋಗುವುದು ಮಾತ್ರ ಏನೂ ತಿಳಿಯದ ಆ ಹೆಂಗಸಿನ ಕೈಗೆ. ಕಚೇರಿಯವರು ಕೊಡುವ ಮೊದಲು ನಾನೇ ಹೋಗಿ ಹೇಳುತ್ತೇನೆ ಎಂದು ಹೊರಟೆ.

ಅವಳು ಪಾಯಕ್ಕೆ ನೀರು ಹಾಕುತ್ತಿದ್ದಳು. ಗಂಡ ಮಂದೆಯ ಜೊತೆ ದೂರದಲ್ಲಿದ್ದ. ನಾನು ಹೇಳಿದ್ದನ್ನು ಅರ್ಧ ಕೇಳಿ ಕೊಡ ಕೆಳಗಿಟ್ಟಳು.

"ಅವರಿಗೆ ನಾವು ಮನಿ ಕಟ್ಟೋದು ನೋಡಾಕಾಗಲ್ಲ ಮೇಡಮ್ಮಾರೆ. ಕುರಿ ಕಾಯೋರು ತಮ್ಮ ಪಕ್ಕಕ್ಕೆ ಆರ್‌ಸಿಸಿ ಮನಿ ಕಟ್ತಾರಲ್ಲ ಅಂತ ಹೊಟ್ಟಿಕಿಚ್ಚು."

"ಅಲ್ಲವ್ವ, ಅವರ ತಪ್ಪಿಲ್ಲ. ನಿಂದೂ ಇಲ್ಲ. ನಾನು ಅಳತೆ ಮಾಡದೆ ಬರೆದೆ. ಅಲ್ಲಿ ಓಣಿ ಇತ್ತು, ನಾನು ನೋಡ್ಲಿಲ್ಲ."

ಅವಳು ನನ್ನನ್ನೇ ನೋಡಿದಳು. ನಗು ಹೋಗಿತ್ತು. "ಎಷ್ಟು ಹೋಗ್ತತಿ?" ಎಂದಳು.

ಸುಣ್ಣದ ಪುಡಿ ತರಿಸಿ ಗೆರೆ ಹಾಕಿ ತೋರಿಸಿದೆ. ಓಣಿಗೆ ನಾಲ್ಕು ಅಡಿ ಬಿಟ್ಟು, ನಿಯಮದಂತೆ ಅವಳ ಜಾಗದಲ್ಲಿ ಮತ್ತೆ ಮೂರು ಅಡಿ ಬಿಟ್ಟು ಗೋಡೆ ಬರಬೇಕಿತ್ತು. ಗೋಡೆ ನಾಲ್ಕು ಅಡಿ ಒಳಕ್ಕೆ ಸರಿಯುತ್ತಿತ್ತು. ಅವಳು ಗೆರೆಯ ಒಳಗೆ ನಿಂತು ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ ಇಟ್ಟು ಅಳೆದಳು. ಇನ್ನೊಂದು ತುದಿಗೆ ಹೋಗಿ ಮತ್ತೆ ಅಳೆದಳು. ಆಮೇಲೆ ಕೂರಿಸಿದ್ದ ಕಲ್ಲಿನ ಮೇಲೆ ಕೂತುಬಿಟ್ಟಳು.

"ನೀವು ಕಾಗದದಾಗೆ ಗೆರಿ ಅಳಸ್ತೀರಿ ಮೇಡಮ್ಮಾರೆ. ನಾನು ಕಲ್ಲು ಕೀಳಬೇಕು," ಎಂದಳು.

ಅವಳ ಪಕ್ಕ ಕೂತೆ. ಕೀಳಿಸುವ, ಮತ್ತೆ ಕೂರಿಸುವ ಕೂಲಿ ನನ್ನದು ಎಂದೆ. ಅವಳು ಗಂಡನಿಗೆ ಫೋನು ಮಾಡಿದಳು. ಆ ಕಡೆಯಿಂದ ಅವನು ಕೂಗಾಡುವುದು ನನಗೆ ಕೇಳುತ್ತಿತ್ತು. ಅವಳು ಮಾತ್ರ ದನಿ ಏರಿಸದೆ, "ಇಲ್ಲೇ ಕುಂತಾರೆ. ತಪ್ಪು ತಮ್ದು ಅಂತ ಒಪ್ಪ್ಯಾರೆ. ನೀವು ಬಂದ್ಮ್ಯಾಲೆ ಬೈರಿ, ಈಗ ಕೆಲಸ ಆಗ್ಲಿ," ಎಂದು ಇಟ್ಟಳು.

ಎರಡನೆಯ ನಕ್ಷೆಯನ್ನು ನಾನು ಆ ಜಾಗದಲ್ಲೇ ನಿಂತು ಬರೆದೆ. ಮೊದಲ ಸಲ ಅವಳನ್ನು ಕೇಳದ ಎಷ್ಟೋ ಸಂಗತಿಗಳನ್ನು ಕೇಳಿದೆ. ಯಾವ ಕಡೆಯಿಂದ ಬಿಸಿಲು ಬಂದರೆ ಒಳ್ಳೆಯದು, ಕುರಿಮರಿಗೆ ಕಾಯಿಲೆಯಾದರೆ ಎಲ್ಲಿ ಕಟ್ಟುತ್ತೀರಿ, ಬಂದವರು ಎಲ್ಲಿ ಕೂರುತ್ತಾರೆ. ಮೆಟ್ಟಿಲನ್ನು ಮುಂದಿನ ಜಗಲಿಯಿಂದ ಏರುವಂತೆ ಮಾಡಿದೆ. ಎರಡು ಕೋಣೆಗಳಲ್ಲಿ ಒಂದನ್ನು ಬಿಡಲೇಬೇಕಾಯಿತು. "ಬ್ಯಾರೆ ಏನಾದ್ರು ಕಡಿಮಿ ಮಾಡ್ರಿ, ಅಡುಗಿಮನಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ," ಎಂದು ಪಟ್ಟು ಹಿಡಿದಳು. ಹಚ್ಚಲಿಲ್ಲ. ಅಧಿಕಾರಿಯೂ ಒಂದು ದಿನ ಬೈಕಿನಲ್ಲಿ ಬಂದು, ಚಪ್ಪಲಿ ಕೆಸರಾಗುವಂತೆ ಸುತ್ತಲೂ ನಡೆದು ಅಳತೆ ನೋಡಿದರು. ದಾಖಲೆಯ ತಿದ್ದುಪಡಿಗೂ ಬರೆದರು. ಹೊಸ ಅನುಮತಿಗೆ ಒಂದು ತಿಂಗಳು ಹಿಡಿಯಿತು. ಆ ತಿಂಗಳೆಲ್ಲ ಅವಳು ಸಿಮೆಂಟಿನ ಚೀಲಗಳಿಗೆ ತಾಡಪಾಲು ಹೊದಿಸಿ ಕಾಯುತ್ತ ಕೂತಿದ್ದಳು.

ಕಲ್ಲು ಕೀಳುವ ದಿನ ನಾನು ಬೆಳಿಗ್ಗೆಯೇ ಹೋಗಿದ್ದೆ. ಅವಳ ಗಂಡನೂ ಬಂದಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿ ಗುದ್ದಲಿ ಎತ್ತಿಕೊಂಡ. ಕಂಡಕ್ಟರ್ ತಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಗೆದ್ದವರಂತೆ ಕಾಣಲಿಲ್ಲ. ಒಂದೊಂದು ಕಲ್ಲು ಎದ್ದಾಗಲೂ ಅವರ ಮುಖ ಇನ್ನಷ್ಟು ಬಾಡುತ್ತಿತ್ತು. ಕಿತ್ತ ಕಲ್ಲು ಇಡಲು ಜಾಗವಿಲ್ಲದೆ ಮೇಸ್ತ್ರಿ ಅತ್ತಿತ್ತ ನೋಡುತ್ತಿದ್ದಾಗ ಹಿತ್ತಲ ಬಾಗಿಲಿನಿಂದ ಅವರ ಹೆಂಡತಿಯ ದನಿ ಕೇಳಿತು.

"ನಮ್ಮ ಹಿತ್ತಲಾಗೆ ಒಟ್ರಪ್ಪ. ಎಷ್ಟು ದಿನ ಆದ್ರೂ ಇರ್ಲಿ. ನೀರಿಗೂ ದೂರ ಹೋಗಬ್ಯಾಡ್ರಿ, ನಮ್ಮ ನಲ್ಲಿಗೇ ಪೈಪು ಹಚ್ಕಳ್ರಿ."

ಕುರಿ ಮನೆಯವಳು ಕಲ್ಲು ಅತ್ತ ಸಾಗಿಸುವಂತೆ ಮೇಸ್ತ್ರಿಗೆ ಕೈ ತೋರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಎರಡು ಇಟ್ಟಿಗೆ ತಂದು, ಓಣಿಯಲ್ಲಿ ಕಲ್ಲು ಕಿತ್ತ ಗುಂಡಿಗೆ ಮಣ್ಣು ಎಳೆದು ಅದರ ಮೇಲೆ ಇಟ್ಟು ತುಳಿದು ನೋಡಿದಳು. ಅಲುಗಾಡಿತು. ಇನ್ನಷ್ಟು ಮಣ್ಣು ತುಂಬಿ ಗಟ್ಟಿ ಮಾಡಿದಳು. "ಅಮ್ಮಾರೆ, ಇವತ್ತು ಬರಬ್ಯಾಡ್ರಿ. ಮಣ್ಣು ಕುಂದರ್ಲಿ, ನಾಳೆ ಬರ್ರಿ," ಎಂದಳು. ಅವರಿಬ್ಬರ ನಡುವೆ ಮಾತು ಮತ್ತೆ ಶುರುವಾದದ್ದು ಹಾಗೆ.

ಎರಡು ವಾರದ ಮೇಲೆ ಕಂಡಕ್ಟರ್ ಮತ್ತೆ ನನ್ನ ಕೋಣೆಗೆ ಬಂದರು. ಒಂದು ಹಾಳೆ ಮುಂದಿಟ್ಟರು. ತಾಲ್ಲೂಕು ಕಚೇರಿಗೆ ಬರೆದ ಅರ್ಜಿ. ಜಾಗ ನೋಡದೆ ನಕ್ಷೆ ಬರೆಯುವವರ ಮೇಲೆ, ನೋಡದೆ ಅನುಮತಿ ಕೊಡುವವರ ಮೇಲೆ ಕ್ರಮ ತೆಗೆದುಕೊಳ್ಳಬೇಕು ಎಂದಿತ್ತು. ನನ್ನ ಹೆಸರೂ ಇತ್ತು, ಅಧಿಕಾರಿಯದೂ ಇತ್ತು.

"ನಿಮ್ಮ ಮ್ಯಾಲೆ ಸಿಟ್ಟಿಲ್ಲಮ್ಮ," ಎಂದರು. "ಆದ್ರೆ ಬರೀದೆ ಬಿಟ್ರೆ ಇನ್ನೊಬ್ಬರ ಓಣಿಗೆ ಹಿಂಗೇ ಆಗ್ತತಿ. ಹಿಂದಿಂದ ಕಳಿಸ್ದೆ ಅಂತ ಆಗಬಾರ್ದು. ಅದಕ್ಕೆ ಒಂದು ಪ್ರತಿ ನಿಮಗೇ ಕೊಡಾಕೆ ಬಂದೆ."

ಓದಿ ನೋಡಿದೆ. ಒಂದು ಪದವೂ ಹೆಚ್ಚಿರಲಿಲ್ಲ. ನಾನು ಬಂದು ತಪ್ಪೊಪ್ಪಿಕೊಂಡದ್ದನ್ನೂ ಬರೆದಿದ್ದರು. ಚಹಾ ತರಿಸಿದೆ, ಕುಡಿದು ಹೋದರು. ನನಗೆ ಎಚ್ಚರಿಕೆಯ ಪತ್ರ ಬಂತು. ಮುಂದೆ ಹೀಗಾದರೆ ಪರವಾನಗಿ ರದ್ದು ಮಾಡುವುದಾಗಿ ಇತ್ತು. ಆಮೇಲೆ ನನ್ನ ಕೆಲಸ ನಿಧಾನವಾಗಿದೆ. ಮೂರೇ ದಿನದಲ್ಲಿ ನಕ್ಷೆ ಬೇಕು ಎನ್ನುವವರು ಬೇರೆಯವರ ಬಳಿ ಹೋಗುತ್ತಾರೆ. ಹೋಗಲಿ ಎಂದುಕೊಳ್ಳುತ್ತೇನೆ, ಕೆಲವು ತಿಂಗಳು ಕಷ್ಟವಾಗುವುದೂ ನಿಜ.

ಬೇಸಿಗೆ ಮುಗಿಯುವ ಮುಂಚೆ ಆ ಮನೆಯ ಗೃಹಪ್ರವೇಶವಾಯಿತು. ಅವಳೇ ಬಂದು ಅರಿಶಿನ ಕುಂಕುಮ ಕೊಟ್ಟು ಕರೆದಳು. ಹೋದೆ. ನಡುಮನೆಯಲ್ಲಿ ಕಂಡಕ್ಟರ್ ಹೆಂಡತಿ ಕುರ್ಚಿಯ ಮೇಲೆ ಕೂತು ಬಾಳೆಎಲೆ ಒರೆಸಿ ಒರೆಸಿ ಜೋಡಿಸುತ್ತಿದ್ದರು. ಕಂಡಕ್ಟರ್ ಬಂದವರಿಗೆ ಚಪ್ಪಲಿ ಸಾಲಾಗಿ ಬಿಡುವಂತೆ ಹೇಳುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಅವಳ ಗಂಡ ಬಡಿಸುತ್ತಿದ್ದ. ನನ್ನ ಎಲೆಯ ಮುಂದೆ ಬಂದಾಗ, ನಾನು ಸಾಕು ಎಂದರೂ ಇನ್ನೊಂದು ಸೌಟು ಪಾಯಸ ಬಡಿಸಿ ಮುಂದೆ ಹೋದ.

ಊಟವಾದ ಮೇಲೆ ಅವಳು ನನ್ನ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಕಿಟಕಿಯ ಕೆಳಗೆ, ನೆಲದಿಂದ ಒಂದು ಮೊಳ ಎತ್ತರಕ್ಕೆ, ಅಗಲವಾದ ಕಡಪ ಕಲ್ಲಿನ ಕಟ್ಟೆ ಇತ್ತು. ನಾನು ಬರೆದದ್ದಲ್ಲ.

"ಇದು ನಿಮ್ಮ ನಕ್ಷೆದಾಗೆ ಇಲ್ಲ ಮೇಡಮ್ಮಾರೆ. ನಾನೇ ನಿಂತು ಮೇಸ್ತ್ರಿ ಕೈಲಿ ಮಾಡಿಸ್ದೆ. ಕುಂತು ರೊಟ್ಟಿ ಬಡಿಯಾಕೆ."

ಅದರ ಮುಂದೆ ಮಣೆ ಹಾಕಿಕೊಂಡು ಕೂತು, ಕೈ ಚಾಚಿ, ಎಷ್ಟು ಸರಿಯಾದ ಎತ್ತರ ನೋಡಿ ಎಂದು ತೋರಿಸಿದಳು. ಕೂತು ನೋಡ್ರಿ ಎಂದು ನನ್ನನ್ನೂ ಕೂರಿಸಿದಳು. ಕಿಟಕಿಯಿಂದ ಬಿಸಿಲು ನೇರ ಕಟ್ಟೆಯ ಮೇಲೆ ಬೀಳುತ್ತಿತ್ತು. ಆಚೆಯಿಂದ ಯಾರೋ ಎಲೆ ಸಾಲದು ಎಂದು ಕೂಗಿದರು. ಅವಳು ಎದ್ದು ಓಡಿದಳು.